ಬೌಂಡರಿ ವಾಟರ್ಸ್‌ಗೆ 5 ರಾತ್ರಿ: ಕೊಡಲಿನಾ, ಗರಗಸನಾ, ಅಪ್ಪ ಕೊಟ್ಟ ಕತ್ತಿನಾ?

ಮಿನ್ನಿ_ಮಂಜ

ಎಲ್ರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವ, ಮಿನಿಯಾಪೊಲಿಸ್‌ಗೆ ಬಂದು ನಾಲ್ಕು ವರ್ಷ ಆಯ್ತು. ಸೆಪ್ಟೆಂಬರ್ ಕೊನೇ ವಾರ ನಾವು ನಾಲ್ಕು ಜನ ಎರಡು ದೋಣಿ ಬಾಡಿಗೆಗೆ ತಗೊಂಡು ಬೌಂಡರಿ ವಾಟರ್ಸ್‌ಗೆ ಹೋಗ್ತಿದೀವಿ, ಈಲಿ ಅನ್ನೋ ಊರು ದಾಟಿ ಮೂಸ್ ಲೇಕ್‌ನಲ್ಲಿ ಇಳಿದು ಎನ್‌ಸೈನ್ ಲೇಕ್, ಮೈಯಲ್ಲಿ ಶಕ್ತಿ ಉಳಿದಿದ್ರೆ ನೈಫ್ ಲೇಕ್ ತನಕ. ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಇದು ಮಿನೆಸೋಟಾದ ಉತ್ತರ ತುದೀಲಿ ಕೆನಡಾ ಗಡಿಗೆ ಅಂಟ್ಕೊಂಡಿರೋ ಕಾಡು, 10 ಲಕ್ಷ ಎಕರೆಗಿಂತ ಜಾಸ್ತಿ, ಎಲ್ಲಿ ನೋಡಿದ್ರೂ ಕೆರೆ, ಒಳಗಡೆ ಅಂಗಡಿ ಇಲ್ಲ ಕರೆಂಟ್ ಇಲ್ಲ ಫೋನ್ ಸಿಗ್ನಲ್ ಅಂತೂ ಕೇಳ್ಲೇಬೇಡಿ. ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿನ ತಲೆ ಮೇಲೆ ಹೊತ್ಕೊಂಡು ನಡೀಬೇಕು, ಅದಕ್ಕೆ ಪೋರ್ಟೇಜ್ ಅಂತಾರೆ. ಅದರ ಅಳತೆ ಮೈಲಿ ಅಲ್ಲ ಕಿಲೋಮೀಟರೂ ಅಲ್ಲ, ರಾಡ್. ಒಂದು ರಾಡ್ ಅಂದ್ರೆ 16.5 ಅಡಿ, 320 ರಾಡ್‌ಗೆ ಒಂದು ಮೈಲಿ.

ಹಂಗಾಗಿ ಒಂದೊಂದು ಗ್ರಾಮೂ ಲೆಕ್ಕ. ನಮ್ಮ ಗ್ಯಾಂಗ್‌ನಲ್ಲಿ ಒಬ್ಬ ಆಗ್ಲೇ ದೊಡ್ಡ ಕೊಡಲಿ ತಂದು ಇಟ್ಟಿದಾನೆ, ಅಡುಗೆಮನೆ ತಕ್ಕಡೀಲಿ ಇಟ್ಟು ನೋಡಿದ್ರೆ 2 ಕೆಜಿ ದಾಟ್ತು. ನನ್ನ ಹತ್ರ ಅಪ್ಪ ಊರಿಂದ ಕೊಟ್ಟ, ಮೂಗು ಬಗ್ಗಿರೋ ನಮ್ಮ ಮಲೆನಾಡಿನ ಕತ್ತಿ ಇದೆ, 780 ಗ್ರಾಂ. ಪಾಪ ಅಡಿಕೆ ಹಾಳೇಲಿ ಸುತ್ತಿ ಚೆಂದ ಕಟ್ಟಿ ಕೊಟ್ಟಿದ್ರು, ಕಸ್ಟಮ್ಸ್‌ನವ್ರು ಹಾಳೆ ನೋಡಿ ಏನಂತಾರೋ ಅಂತ ಹೆದ್ರಿ ರಟ್ಟಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಲ್ಲಿ ತಂದೆ.

ಪ್ರಶ್ನೆ ಇಷ್ಟೇ. ಮೂರು ದಿನ ಬಿಡದೇ ಮಳೆ ಹೊಡೀತು, ಒಬ್ಬ ನೀರಿಗೆ ಬಿದ್ದು ನಡುಗ್ತಾ ಇದಾನೆ ಅಂತ ಇಟ್ಕೊಳಿ, ಆವಾಗ ಬೆಂಕಿ ಮಾಡೋಕೆ ಕೈಯಲ್ಲಿ ಏನಿರ್ಬೇಕು? ಕಡಿಯೋ ಸಾಮಾನು ಎಲ್ಲಾ ಸೇರಿ 1 ಕೆಜಿ ಒಳಗೆ ಮುಗೀಬೇಕು.

ಸಿರ್ಸಿ_ಕಾಡುಮಾಣಿ

ಅಪ್ಪ ಕತ್ತಿ ಕೊಟ್ಟ ಮೇಲೂ ಪ್ರಶ್ನೆನಾ ಮಾರಾಯಾ? ನಮ್ಮಲ್ಲಿ ಬೆಟ್ಟಕ್ಕೆ ಹೋಗೋನು ಸೊಂಟದ ಕೊಕ್ಕೆಗೆ ಒಂದು ಕತ್ತಿ ಸಿಕ್ಕಿಸ್ಕೊಂಡ್ರೆ ಮುಗೀತು, ಅದ್ರಲ್ಲೇ ದಾರಿ ಬಿಡಿಸ್ತಾನೆ, ಸೊಪ್ಪು ಸವರ್ತಾನೆ, ಬಿದಿರು ಕಡೀತಾನೆ, ಎಳನೀರು ಕೆತ್ತಿ ಕುಡೀತಾನೆ, ಸಂಜೆ ಅದ್ರಲ್ಲೇ ಕವಳಕ್ಕೆ ಅಡಿಕೆ ಹೋಳು ಮಾಡ್ತಾನೆ. ಈ ಅಮೆರಿಕದವ್ರು ಒಂದೊಂದು ಕೆಲಸಕ್ಕೆ ಒಂದೊಂದು ಸಾಮಾನು ಮಾರಿ ಮಾರಿ ನಿಮ್ಮನ್ನೂ ಕೆಡಿಸಿದಾರೆ. ಕತ್ತಿ ತಗೊಂಡು ಹೋಗು, ಬಂದು ಫೋಟೋ ಹಾಕು.

ಥಂಡರ್‌ಬೇ_ತಾತ

ಮಾಣಿ, ನಿಮ್ಮ ಕತ್ತಿ ಮೇಲೆ ನಂಗೂ ಗೌರವ ಇದೆ, ಹಾಸನದ ಮಲೆನಾಡಲ್ಲೇ ಬೆಳೆದೋನು ನಾನು. ಆದ್ರೆ ಗಡಿ ಈಚೆ ಕೆನಡಾ ಬದಿ ಕ್ವೆಟಿಕೋ ಕಾಡಲ್ಲಿ ಇಪ್ಪತ್ತು ವರ್ಷದಿಂದ ದೋಣಿ ಹಾಕ್ತಿದೀನಿ, ಎರಡೂ ಕಡೆ ಅದೇ ಮರ ಅದೇ ಬಂಡೆ ಅದೇ ಸೊಳ್ಳೆ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಲ್ಲಿ ಓದಿ.

ಮೊದಲನೇ ವರ್ಷ ನಾನೂ ಊರ ಕತ್ತಿ ತಗೊಂಡೇ ಹೋಗಿದ್ದೆ. ಸಾಯಂಕಾಲ ಸೈಟ್ ಮುಟ್ಟಿದ್ವಿ, ಮಳೆ ಜಿನುಗ್ತಾ ಇತ್ತು, ನನ್ನ ಮುಂಗೈ ದಪ್ಪದ ಒಣಗಿದ ಜ್ಯಾಕ್ ಪೈನ್ ತುಂಡು ಒಂದು ಸಿಕ್ತು. ಹಾಕಿದೆ ನೋಡಿ ಏಟು. ಕತ್ತಿ ಟಣ್ ಅಂತ ಪುಟಿದು ವಾಪಸ್ ಬಂತು. ಹತ್ತು ಏಟಿಗೆ ಬೆರಳಗಲ ಕಚ್ಚು ಬಿತ್ತು, ಕೈಯೆಲ್ಲಾ ಜುಮ್ ಅಂತಿತ್ತು, ಕತ್ತಿ ಬಾಯಿ ಎರಡು ಕಡೆ ಮುಕ್ಕಾಯ್ತು. ನನ್ನ ಜೊತೆಗಿದ್ದ ಇಲ್ಲಿಯವ್ನು ಏನೂ ಮಾತಾಡ್ದೆ ಜೇಬಿಂದ ಒಂದು ಮಡಚೋ ಗರಗಸ ತೆಗೆದು ಅದೇ ತುಂಡನ್ನ ನಾನು ಬೆವರು ಒರೆಸ್ಕೊಳೋ ಹೊತ್ತಿಗೆ ಮೂರು ಭಾಗ ಮಾಡಿ ಇಟ್ಟ. ಅವತ್ತೇ ನನ್ನ ಜಂಬ ಇಳೀತು.

ಯಾಕೆ ಹಂಗೆ ಅಂದ್ರೆ, ಊರಲ್ಲಿ ನಾವು ಕಡಿಯೋದು ಬಹುಪಾಲು ಹಸೀದು. ಬಳ್ಳಿ, ಗುರಿಗೆ ಗಿಡ, ಎಳೇ ಗಳ, ಬಿದಿರು, ಸೊಪ್ಪಿನ ಟೊಂಗೆ. ಹಸೀ ನಾರು ತೆಳು ಅಲಗಿಗೆ ಬಾಯಿ ಬಿಡುತ್ತೆ. ಇಲ್ಲಿ ಹಸೀ ಮರ ಮುಟ್ಟೋ ಹಾಗೇ ಇಲ್ಲ, ಸೌದೆ ಅಂದ್ರೆ ಸತ್ತು ನೆಲಕ್ಕೆ ಬಿದ್ದಿರೋದು ಮಾತ್ರ, ಅದೂ ಕ್ಯಾಂಪ್ ಸೈಟಿಂದ ದೂರ ಹೋಗಿ ಆರಿಸ್ಕೋಬೇಕು. ಅಮೆರಿಕ ಬದೀಲಿ ಫಾರೆಸ್ಟ್ ಸರ್ವೀಸ್‌ನವ್ರೇ ಹೇಳೋದು ಏನಂದ್ರೆ ಕೈಯಲ್ಲಿ ಮುರಿಯೋವಷ್ಟು ಇಲ್ಲಾಂದ್ರೆ ಸಣ್ಣ ಗರಗಸದಲ್ಲಿ ಕುಯ್ಯೋವಷ್ಟು ದಪ್ಪದ್ದು ಸಾಕು, ಕೊಡಲಿ ಬೇಕಾಗೋದೇ ಇಲ್ಲ ಅಂತ. ಬೆಂಕಿನೂ ಪ್ರತಿ ಸೈಟಲ್ಲಿ ಹೂತಿರೋ ಕಬ್ಬಿಣದ ಜಾಲರಿ ಒಲೆ ಒಳಗೆ ಮಾತ್ರ, ಬೇರೆ ಕಡೆ ಹಚ್ಚಂಗಿಲ್ಲ.

ಈಗ ಮಳೆ ವಿಷಯ. ಮೂರು ದಿನ ನೆಂದ ಸೌದೆ ಮೇಲ್ಗಡೆ ಸ್ಪಂಜು, ಆದ್ರೆ ಮಣಿಕಟ್ಟು ದಪ್ಪದ ತುಂಡಿನ ಹೊಟ್ಟೆ ಒಳಗೆ ಒಣಗೇ ಇರುತ್ತೆ. ನಿಮಗೆ ಬೇಕಾಗಿರೋದು ಆ ಹೊಟ್ಟೆ. ಅದಕ್ಕೆ ಎರಡು ಕೆಲಸ: ಅಡ್ಡ ಕುಯ್ಯೋದು, ಉದ್ದ ಸೀಳೋದು. ಅಡ್ಡ ಕುಯ್ಯೋಕೆ ಗರಗಸನ ಮೀರಿಸೋದು ಯಾವ್ದೂ ಇಲ್ಲ. ಕೊಡಲೀಲಿ ಅಡ್ಡ ಕಡೀಬೇಕು ಅಂದ್ರೆ ವಿ ಆಕಾರದಲ್ಲಿ ಬಾಯಿ ತೆಗೀಬೇಕು, ಅರ್ಧ ಮರ ಚಕ್ಕೆಯಾಗಿ ಹಾರೋಗುತ್ತೆ, ಗರಗಸ ಒಂದು ಗೆರೆ ಅಗಲ ಮಾತ್ರ ತಿನ್ನುತ್ತೆ. ಹೊಟ್ಟೆ ಹಸ್ಕೊಂಡು ನಡುಗ್ತಾ ಇರೋ ಮನುಷ್ಯನಿಗೆ ಆ ವ್ಯತ್ಯಾಸ ಸಣ್ಣದಲ್ಲ. ಸೀಳೋದು ಹೆಂಗೆ ಅಂತ ಆಮೇಲೆ ಬರೀತೀನಿ, ಮೊಮ್ಮಗಳನ್ನ ಸ್ಕೂಲಿಂದ ಕರ್ಕೊಂಡು ಬರ್ಬೇಕು.

ಧಾರವಾಡ_ಪೇಡಾ

ತಾತಾರ, ಭಾಳ ಚಲೋ ಬರದೀರಿ. ಒಂದು ಡೌಟ್ ಐತ್ರಿ. ಆ ತಂತಿ ಗರಗಸ ಅಂತ ಬರ್ತೈತಲ್ರಿ, ಎರಡೂ ತುದಿಗೆ ಉಂಗುರ, ಸುತ್ತಿ ಕಿಸೆದಾಗ ಇಟ್ಕೊಂಡ್ರ ಗೊತ್ತೂ ಆಗಂಗಿಲ್ಲ. ಸರ್ವೈವಲ್ ಕಿಟ್ ಅಂತ ಯಾವ್ದು ತಗೊಂಡ್ರೂ ಅದ್ರಾಗ ಇರ್ತೈತಿ. ಅದಕ್ಕಿಂತ ಹಗುರ ಯಾವ್ದೈತ್ರಿ? ಅದನ್ನ ಯಾಕ್ ಒಬ್ಬರೂ ಹೇಳವಲ್ರಿ?

ಪುತ್ತೂರು_ಪುಂಡಿ

ಪೇಡಾ ಮಾರ್ರೆ, ಆ ತಂತಿಯ ಕಥೆ ನನ್ನತ್ರ ಕೇಳಿ. ನಾನೂ ತಗೊಂಡಿದ್ದೆ, ಯಾವ ಕಂಪನಿ ಅಂತ ಹೇಳುದಿಲ್ಲ. ತೋಟದಲ್ಲಿ ಬಿದ್ದ ಗೇರು ಗೆಲ್ಲಿಗೆ ಹಾಕಿ ಎಳೀಲಿಕ್ಕೆ ಶುರು ಮಾಡಿದೆ, ಮೊದಲು ಒಳ್ಳೆ ಹೋಯ್ತು, ಅರ್ಧ ಇಂಚು ಹೋದ ಮೇಲೆ ತಂತಿ ಬಿಸಿ ಆಗಿ ಹೊಗೆ ಬಂತು, ಮತ್ತೆ ಗೆಲ್ಲು ಅಮುಕಿ ತಂತಿ ಸಿಕ್ಕಿ ಬಿತ್ತು. ಜೋರು ಎಳೆದೆ, ಉಂಗುರ ಕಿತ್ತು ನೇರ ಬಂದು ನನ್ನ ಗಲ್ಲಕ್ಕೆ ಬಡೀತು. ಎರಡು ದಿನ ಚಪಾತಿ ಸಾ ಅಗೀಲಿಕ್ಕೆ ಆಗ್ಲಿಲ್ಲ. ಅದನ್ನ ಕೈಯಲ್ಲಿ ಇಂಗ್ಲಿಷ್ ಯು ಹಾಗೆ ಬಗ್ಗಿಸಿ ಎಳೆಯುವುದು ಅಲ್ಲ ಅಂತೆ, ಬಗ್ಗಿದ ಒಂದು ಹಸಿ ಕೋಲಿಗೆ ಬಿಲ್ಲಿನ ಹಾಗೆ ಕಟ್ಟಿ ನೇರ ಮಾಡಿ ಕುಯ್ಯಬೇಕಂತೆ, ಹಾಗಾದ್ರೆ ಸ್ವಲ್ಪ ಬಾಳಿಕೆ ಬರ್ತದೆ. ಆದ್ರೆ ಆ ಬಿಲ್ಲಿಗೆ ಕೋಲು ಕಡೀಲಿಕ್ಕೆ ಮತ್ತೊಂದು ಕತ್ತಿ ಬೇಕಲ್ಲ, ಅದಕ್ಕೆ ಯಾರು ಉತ್ತರ ಕೊಡುದು?

ತೂಕ ಕಮ್ಮಿಯೇ ಬೇಕು ಅಂತಾದ್ರೆ ಚೈನ್ ಬರ್ತದೆ, ಚೈನ್‌ಸಾ ಚೈನ್‌ಗೆ ಎರಡು ಪಟ್ಟಿ ಹಿಡಿ ಹಾಕಿದ ಹಾಗೆ. ಅದು ತಂತಿಯ ಹಾಗೆ ಆಟಿಕೆ ಅಲ್ಲ, ದಪ್ಪ ಮರಕ್ಕೂ ಆಗ್ತದೆ. ಆದ್ರೆ ತೆಳ್ಳಗಿನ ಗೆಲ್ಲಿಗೆ ಹಾಕಿದ್ರೆ ಗೆಲ್ಲು ಕುಣೀತದೆ, ಯಾರಾದ್ರೂ ತುಳಿದು ಹಿಡೀಬೇಕು. ಎರಡೂ ಕೈ, ಭುಜ, ಸೊಂಟ ಎಲ್ಲಾ ಕೆಲಸ ಮಾಡ್ಬೇಕು. ಒಂದು ಕೈಗೆ ಪೆಟ್ಟಾದವನಿಗೆ ಅದು ಉಪಯೋಗ ಇಲ್ಲ, ಮಡಚುವ ಗರಗಸ ಆದ್ರೆ ಒಂದೇ ಕೈಯಲ್ಲಿ ಉಂಟು.

ಸಿರ್ಸಿ_ಕಾಡುಮಾಣಿ

ಪುಂಡಿ, ನೀನೂ ಕತ್ತಿ ಬಿಟ್ಟು ಗರಗಸದ ಪಾರ್ಟಿ ಸೇರಿದ್ಯಾ? ದ್ರೋಹಿ.

ಪುತ್ತೂರು_ಪುಂಡಿ

ದ್ರೋಹ ಅಲ್ಲ ಮಾಣಿ. ಕತ್ತಿಯ ಮೂಗು ಬಗ್ಗಿ ಇರುದು ಯಾಕೆ ಅಂತ ಯೋಚನೆ ಮಾಡು. ಎಳೆಯುವಾಗ ಗೆಲ್ಲು ಜಾರಬಾರದು ಅಂತ, ಮುಳ್ಳು ಕಂಟಿಯೊಳಗೆ ಕೈ ಹಾಕದೆ ಎಳೆದು ಕಡೀಲಿಕ್ಕೆ ಅಂತ. ಮೂಗು ಭಾರ ಇರುದು ಬೀಸುವಾಗ ತೂಕ ತುದಿಗೆ ಬರ್ಲಿ ಅಂತ. ನಮ್ಮ ಆಚಾರಿ ಲಾರಿ ಸ್ಪ್ರಿಂಗ್ ಪಟ್ಟಿ ತಂದು ಕುಲುಮೆಯಲ್ಲಿ ಕಾಯಿಸಿ ಬಡಿದು ಬಾಯಿಗೆ ಮಾತ್ರ ಹದ ಕೊಡ್ತಾನೆ, ಬೆನ್ನು ಮೆತ್ತಗೇ ಬಿಡ್ತಾನೆ, ಹಾಗಾಗಿ ತುಂಡಾಗುದಿಲ್ಲ, ಮೊಂಡಾದ್ರೆ ತೋಡಿನ ಕಲ್ಲಿಗೆ ಮಸೆದ್ರೂ ಆಯ್ತು. ಇದೆಲ್ಲ ನಮ್ಮ ಕಾಡಿಗೆ ನಮ್ಮ ಮಳೆಗೆ ಹುಟ್ಟಿದ್ದು. ಪೈನ್ ಗಂಟಿಗೆ ಅದನ್ನು ಬಡಿದು ಬಾಯಿ ಮುಕ್ಕು ಮಾಡಿದ್ರೆ ಆಚಾರಿಗೆ ಬೇಜಾರಾಗ್ತದೆ.

ಸ್ವೀಡನ್_ಸೀನ

ಎಲ್ರೂ ಸೇರ್ಕೊಂಡು ಕೊಡಲಿನ ಮೂಲೆಗೆ ತಳ್ತಿದೀರ, ಒಂದು ಮಾತು ಹೇಳೋಕೆ ಬಿಡಿ ಗುರು. ನಾನಿರೋ ಕಡೆ ಚಳಿಗಾಲದಲ್ಲಿ ಮೈನಸ್ 20 ಬರುತ್ತೆ. ರಾತ್ರಿ ಪೂರ್ತಿ ಉರಿಯೋ ಬೆಂಕಿ ಬೇಕು, ದಪ್ಪ ದಪ್ಪ ತುಂಡು ಸೀಳಬೇಕು, ಅಲ್ಲಿ ಕೊಡಲಿ ಇಲ್ದೇ ಆಗಲ್ಲ. ನನ್ನ ಹತ್ರ ಗ್ರಾನ್ಸ್‌ಫೋರ್ಸ್‌ದು ಸ್ಮಾಲ್ ಫಾರೆಸ್ಟ್ ಆಕ್ಸ್ ಇದೆ, ಅರ್ಧ ಮೀಟರ್ ಉದ್ದ, ತೂಕ ಒಂದು ಕೆಜಿ ಹತ್ರ ಹತ್ರ, ಬೆಲೆ ಕೇಳ್ಬೇಡಿ ಹೆಂಡ್ತಿಗೆ ನಿಜ ಹೇಳಿಲ್ಲ. ಬಡವರ ಪಾಲಿಗೆ ಫಿಸ್ಕಾರ್ಸ್ ಎಕ್ಸ್7 ಇದೆ, 36 ಸೆಂಮೀ ಉದ್ದ, 640 ಗ್ರಾಂ, ಪ್ಲಾಸ್ಟಿಕ್ ಹಿಡಿ, ನೋಡೋಕೆ ಆಟದ ಸಾಮಾನು ಥರ ಇದ್ರೂ ಚೆನ್ನಾಗಿ ಸೀಳುತ್ತೆ. ಕಾವು ಸಡಿಲ ಆಗಿ ತಲೆ ಹಾರಿಹೋಗೋ ಭಯನೂ ಇಲ್ಲ.

ಸೆಪ್ಟೆಂಬರ್‌ಗೆ ಬೇಡ ಅಂದ್ರೆ ಒಪ್ತೀನಿ. ಆದ್ರೆ ಕೊಡಲಿ ದಂಡ ಅಂತ ಮಾತ್ರ ಬರೀಬೇಡಿ.

ಡುಲೂತ್_ಅಕ್ಕ

ಸೀನ ಅವರೇ, ಕೊಡಲಿ ದಂಡ ಅಂತ ನಾನು ಹೇಳಲ್ಲ, ಆದ್ರೆ ಆ 36 ಸೆಂಟಿಮೀಟರ್ ಮಾತು ಬಂತಲ್ಲ ಅದಕ್ಕೆ ಬರೀಲೇಬೇಕು. ನಾನು ಎಮರ್ಜೆನ್ಸೀಲಿ ಕೆಲಸ ಮಾಡೋಳು. ಜನ ಏನಂದ್ಕೊಳ್ತಾರೆ ಅಂದ್ರೆ ಕೊಡಲಿ ಸಣ್ಣದಾದಷ್ಟೂ ಸೇಫು ಅಂತ. ಉಲ್ಟಾ. ಉದ್ದ ಕಾವಿನ ಕೊಡಲಿ ಗುರಿ ತಪ್ಪಿದ್ರೆ ಸುತ್ತು ದೊಡ್ಡದು, ಬಹುಪಾಲು ನಿಮ್ಮ ಕಾಲಿಗಿಂತ ಮುಂದೆ ನೆಲಕ್ಕೆ ಹೋಗಿ ನೆಡುತ್ತೆ. ಗಿಡ್ಡ ಕೊಡಲಿ ನಿಂತ್ಕೊಂಡು ಬೀಸಿ ತಪ್ಪಿದ್ರೆ ಆ ಸುತ್ತು ಬಂದು ಮುಗಿಯೋದೇ ಕಣಕಾಲಲ್ಲಿ ಇಲ್ಲಾ ಮೊಣಕಾಲ ಚಿಪ್ಪಲ್ಲಿ. ಅದಕ್ಕೇ ಗಿಡ್ಡ ಕೊಡಲಿ ಹಿಡಿದವ್ರು ಮಂಡಿಯೂರಿ ಕೂತೇ ಕೆಲಸ ಮಾಡ್ಬೇಕು, ಮರದ ತುಂಡು ಇನ್ನೊಂದು ದಪ್ಪ ದಿಮ್ಮಿ ಮೇಲಿರ್ಬೇಕು, ತಪ್ಪಿದ್ರೂ ಏಟು ನೆಲಕ್ಕೇ ಹೋಗ್ಬೇಕು. ಇನ್ನೊಂದು ಕೈ. ಸೀಳೋ ತುಂಡನ್ನ ಎಡಗೈಲಿ ನೆಟ್ಟಗೆ ಹಿಡ್ಕೊಂಡು ಬಲಗೈಲಿ ಕೊಡಲಿ ಎತ್ತೋರನ್ನ ನೋಡಿದ್ರೆ ನಂಗೆ ಎದೆ ಧಸಕ್ ಅನ್ನುತ್ತೆ.

ಎನ್‌ಸೈನ್ ಲೇಕಲ್ಲಿ ಕಾಲು ಕಡ್ಕೊಂಡ್ರೆ ಆಂಬುಲೆನ್ಸ್ ಬರಲ್ಲ ಮಂಜ. ನಿಮ್ಮನ್ನ ದೋಣೀಲಿ ಮಲಗಿಸಿ ಮೂರು ಜನ ಹುಟ್ಟು ಹಾಕ್ಬೇಕು, ಗಾಳಿ ಎದುರಿದ್ರೆ ಅದೂ ಕಷ್ಟ. ಕಡಿಯೋ ಸಾಮಾನಿಗೆ 1 ಕೆಜಿ ಇಟ್ಟಿದೀಯಲ್ಲ, ಅದ್ರಲ್ಲಿ ಸ್ವಲ್ಪ ಒಂದು ಟೂರ್ನಿಕೆಟ್‌ಗೆ (ರಕ್ತ ನಿಲ್ಲಿಸೋಕೆ ಕೈಕಾಲಿಗೆ ಬಿಗಿಯಾಗಿ ಕಟ್ಟೋ ಪಟ್ಟಿ), ಒಂದು ಒತ್ತು ಬ್ಯಾಂಡೇಜ್‌ಗೆ ಕೊಡು, ಹೋಗೋ ಮುಂಚೆ ಮನೇಲಿ ಒಂದ್ಸಲ ತೊಡೆಗೆ ಕಟ್ಟಿ ಬಿಗಿ ಮಾಡೋದು ಅಭ್ಯಾಸ ಮಾಡು. ಗರಗಸದಲ್ಲೂ ಗಾಯ ಆಗುತ್ತೆ, ಸಾಮಾನ್ಯವಾಗಿ ಕುಯ್ತಾ ಇರೋ ಜಾಗದ ಪಕ್ಕ ಹಿಡಿದಿರೋ ಹೆಬ್ಬೆರಳಿಗೆ, ಗರಗಸ ಕಚ್ಚಿನಿಂದ ಹಾರಿ ಬಂದಾಗ. ಆ ಕೈಗೊಂದು ದಪ್ಪ ಗ್ಲೌಸ್ ಹಾಕ್ಕೊಂಡ್ರೆ ಸಾಕು.

ಮಿನ್ನಿ_ಮಂಜ

ಅಕ್ಕಾ ಥ್ಯಾಂಕ್ಸ್, ಹೆದರ್ಸಿದ್ದಕ್ಕೂ ಥ್ಯಾಂಕ್ಸ್. ಕೊಡಲಿ ತಂದಿರೋ ಫ್ರೆಂಡ್‌ಗೆ ಇದನ್ನ ಓದಿಸ್ದೆ, ಮುಖ ಸಣ್ಣ ಮಾಡ್ಕೊಂಡ.

ಹಂಗಾದ್ರೆ ಗರಗಸ ಅಂತಾಯ್ತು. ಯಾವ್ದು? ಅಂಗಡಿಗೆ ಹೋದ್ರೆ ಗೋಡೆ ತುಂಬಾ ನೇತಾಕಿದಾರೆ.

ಥಂಡರ್‌ಬೇ_ತಾತ

ಬಂದೆ. ಮೊಮ್ಮಗಳು ನನ್ನ ಪಕ್ಕ ಕೂತು ಯಾರ ಜೊತೆ ಜಗಳ ಆಡ್ತಿದೀಯಾ ಅಂತಿದಾಳೆ.

ನಾಲ್ಕು ಜನಕ್ಕೆ ಎರಡು ದಾರಿ. ಒಂದು, ಬಾಹ್ಕೋ ಲ್ಯಾಪ್‌ಲ್ಯಾಂಡರ್ ಥರದ್ದು, ಬ್ಲೇಡ್ 190 ಮಿಮೀ, ತೂಕ 200 ಗ್ರಾಂ ಆಸುಪಾಸು, ಬೆಲೆನೂ ಕೈಗೆಟುಕೋದು, ತಳ್ಳಿದ್ರೂ ಎಳೆದ್ರೂ ಕುಯ್ಯುತ್ತೆ ಹಂಗಾಗಿ ಹೊಸಬರ ಕೈಗೆ ಒಳ್ಳೇದು. ಇನ್ನೊಂದು ಜಪಾನಿನ ಸಿಲ್ಕಿ. ಗೊಮ್‌ಬಾಯ್ 240 ಮಿಮೀ ಇದೆ, ಬಿಗ್‌ಬಾಯ್ 360 ಮಿಮೀ ಇದೆ. ಇವು ಎಳೆಯೋವಾಗ ಮಾತ್ರ ಕುಯ್ಯೋದು, ನಮ್ಮ ಬಡಗಿಯ ಗರಗಸದ ಹಾಗೆ ತಳ್ಳೋಕೆ ಹೋದ್ರೆ ಬ್ಲೇಡ್ ಬಗ್ಗಿ ಕೂತ್ಕೊಳುತ್ತೆ. ಎಳೆಯೋವಾಗ ಬ್ಲೇಡ್ ನೆಟ್ಟಗೇ ಇರೋದ್ರಿಂದ ತೆಳ್ಳಗೆ ಮಾಡಬಹುದು, ತೆಳ್ಳಗಿರೋದ್ರಿಂದ ಸಲೀಸಾಗಿ ಕುಯ್ಯುತ್ತೆ. ಒಂದ್ಸಲ ಸಿಲ್ಕಿ ಹಿಡಿದೋನು ಬೇರೆದನ್ನ ಮುಟ್ಟೋದು ಕಷ್ಟ, ನನ್ನನ್ನೂ ಸೇರಿಸಿ. ಅಳತೆ ಹೆಂಗೆ ಅಂದ್ರೆ ಕುಯ್ಯೋ ಮರದ ದಪ್ಪಕ್ಕೆ ಬ್ಲೇಡ್ ಎರಡರಷ್ಟು ಉದ್ದ ಇರ್ಬೇಕು, ಇಲ್ಲಾಂದ್ರೆ ಹಲ್ಲು ಮರದಿಂದ ಹೊರಗೆ ಬಂದು ಪುಡಿ ಚೆಲ್ಲೋಕೆ ಜಾಗ ಸಿಗಲ್ಲ. ನಿಮ್ಮ ಸೌದೆ ಮಣಿಕಟ್ಟಿಗಿಂತ ಸ್ವಲ್ಪ ದಪ್ಪ, ಹಂಗಾಗಿ 240 ಸಾಕು.

ಮೂರನೇದು ಒಂದಿದೆ, ಬೋರಿಯಲ್ 21 ಅಂತ, ಕೆನಡಾದವ್ರೇ ಮಾಡಿದ್ದು, ಚೌಕಟ್ಟಿನ ಗರಗಸ ಆದ್ರೆ ಮಡಚಿದ್ರೆ ಒಂದು ಕೋಲಿನಷ್ಟು ಆಗುತ್ತೆ, 21 ಇಂಚು ಬ್ಲೇಡ್, ಅರ್ಧ ಕೆಜಿ ಆಸುಪಾಸು. ದಿನಾ ದೊಡ್ಡ ಬೆಂಕಿ ಹಾಕೋರಿಗೆ ಅದು. ನಿಮಗೆ ಅತಿ ಆಯ್ತು.

ತಗೊಂಡ ಮೇಲೆ ಹಲ್ಲಿನ ತುದಿ ನೋಡಿ, ಕಪ್ಪು ನೀಲಿ ಬಣ್ಣಕ್ಕೆ ತಿರುಗಿರುತ್ತೆ. ಕ್ಷಣದಲ್ಲಿ ಕಾಯಿಸಿ ಗಟ್ಟಿ ಮಾಡಿರ್ತಾರೆ. ತುಂಬಾ ದಿನ ಹರಿತ ಉಳಿಯುತ್ತೆ, ಆದ್ರೆ ಮೊಂಡಾದ್ರೆ ಅರ ಹಾಕೋಕಾಗಲ್ಲ, ಅರವೇ ಜಾರುತ್ತೆ. ಬ್ಲೇಡೇ ಬದಲಾಯಿಸ್ಬೇಕು. ಈ ವಿಷಯದಲ್ಲಿ ಮಾತ್ರ ಮಾಣಿ ಕತ್ತಿ ಗೆಲ್ಲುತ್ತೆ.

ಈಗ ಸೀಳೋದು. ಮೋರಾ ಕಂಪಾನಿಯನ್ ಚಾಕು ಇದೆಯಲ್ಲ, ಅಲಗು 10 ಸೆಂಮೀ ಹತ್ರ, ಒರೆ ಸೇರಿ 120 ಗ್ರಾಮಿಗೂ ಕಮ್ಮಿ, ಅಗ್ಗದ್ದು. ಮರನ ಒಂದು ಅಡಿ ಉದ್ದಕ್ಕೆ ಕುಯ್ದು, ಗಂಟಿಲ್ಲದ ತುಂಡು ಆರಿಸಿ ನೆಟ್ಟಗೆ ನಿಲ್ಲಿಸಿ. ಚಾಕುನ ಮೇಲ್ತುದಿ ಮೇಲೆ ಅಡ್ಡ ಇಟ್ಟು ಬೆನ್ನಿಗೆ ಇನ್ನೊಂದು ಮರದ ತುಂಡಲ್ಲಿ ಹೊಡೀರಿ, ಒಳಗೆ ಇಳಿದ ಮೇಲೆ ಹೊರಗೆ ಕಾಣೋ ಮೂತಿಗೆ ಹೊಡೀರಿ. ಹಿಡಿಗೆ ಹೊಡೀಬೇಡಿ, ಬಡಗಿ ಉಳಿ ಅಲ್ಲ ಅದು. ತುಂಡಿನ ದಪ್ಪ ಅಲಗಿಗಿಂತ ಎರಡು ಬೆರಳಾದ್ರೂ ಕಮ್ಮಿ ಇರ್ಬೇಕು. ಅದಕ್ಕಿಂತ ದಪ್ಪ ಇದ್ರೆ ಚಾಕುವಿಂದ ಬಿರುಕು ಬಿಡಿಸಿ, ಗಟ್ಟಿ ಮರದಲ್ಲಿ ಎರಡು ಬೆಣೆ ಕೆತ್ತಿ ಒಂದಾದ ಮೇಲೊಂದು ಹೊಡೀರಿ. ಊರಲ್ಲಿ ದೊಡ್ಡ ಹಲಸಿನ ದಿಮ್ಮಿ ಸೀಳೋಕೆ ಬೆಣೆ ಹಾಕಲ್ವಾ, ಅದೇ ವಿದ್ಯೆ, ಅಳತೆ ಸಣ್ಣದು ಅಷ್ಟೇ.

ಇನ್ನು ಮರ ಆರಿಸೋದು. ಬಿದ್ದಿದ್ದೆಲ್ಲಾ ಸೌದೆ ಅಲ್ಲ. ಮಣ್ಣಿಗೆ ತಾಗಿ ಪಾಚಿ ಹಿಡಿದಿದ್ರೆ ಬಿಟ್ಟು ಮುಂದೆ ಹೋಗಿ. ಬಂಡೆ ಮೇಲೋ ಇನ್ನೊಂದು ಮರದ ಮೇಲೋ ಒರಗಿ ಗಾಳೀಲಿ ನೇತಾಡ್ಕೊಂಡು ಬಿದ್ದಿರೋದನ್ನ ಹುಡುಕಿ. ಸೀಡರ್ ಸಿಕ್ರೆ ಬಂಗಾರ, ನೂಲು ಬಿಡಿಸಿದ ಹಾಗೆ ಸೀಳುತ್ತೆ. ಬರ್ಚ್ ನೋಡಿ ಮೋಸ ಹೋಗ್ಬೇಡಿ, ತೊಗಟೆ ಬೆಳ್ಳಗೆ ಹೊಸದರ ಥರ ಇರುತ್ತೆ, ಒಳಗೆ ಮರ ಕೊಳೆತು ಹಿಟ್ಟಾಗಿರುತ್ತೆ. ಆದ್ರೆ ಆ ತೊಗಟೆ ನೀರಲ್ಲಿ ಅದ್ದಿ ತೆಗೆದ್ರೂ ಹತ್ಕೊಳುತ್ತೆ, ಎಣ್ಣೆ ಅಂಶ ಇದೆ ಅದ್ರಲ್ಲಿ. ಬಿದ್ದ ಮರದಿಂದ ಮಾತ್ರ ತಗೋಬೇಕು, ನಿಂತ ಮರದ ತೊಗಟೆ ಸುಲೀಬಾರದು.

ಚಿಕ್ಮಗ್ಳೂರ್_ಚಿಟ್ಟೆ

ಸಖತ್ ಥ್ರೆಡ್ ಇದು. ನಾವು ಮುಂದಿನ ತಿಂಗಳು ಕುದುರೆಮುಖ ಟ್ರೆಕ್ ಹೋಗ್ತಿದೀವಿ, ಅಲ್ಲಿಗೂ ಒಂದು ಮಡಚೋ ಗರಗಸ ಒಂದು ಮೋರಾ ಚಾಕು ಇಟ್ಕೊಂಡ್ರೆ ಒಳ್ಳೇದಲ್ವಾ? ರಾತ್ರಿ ಕ್ಯಾಂಪ್‌ಫೈರ್ ಪ್ಲಾನ್ ಇದೆ.

ರಿಟೈರ್ಡ್_ಫಾರೆಸ್ಟರ್

ಬೇಡಪ್ಪ. ನಾನು ಈ ಕೆಲಸದಲ್ಲಿ ಜೀವ ಸವೆಸಿದವನು, ಪ್ರೀತಿಯಿಂದ ಹೇಳ್ತೀನಿ ಕೇಳು. ಕುದುರೆಮುಖ ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆಯುಧ ಅನ್ನೋ ಪದದ ವ್ಯಾಖ್ಯಾನ ಓದಿ ನೋಡು, ಬಂದೂಕು, ಬಿಲ್ಲುಬಾಣ, ಬಲೆ, ಉರುಲು ಇವುಗಳ ಸಾಲಲ್ಲೇ ಚಾಕುನೂ ಇದೆ. ಲಿಖಿತ ಅನುಮತಿ ಇಲ್ದೆ ಅದನ್ನ ಹಿಡ್ಕೊಂಡು ಒಳಗೆ ಕಾಲಿಡೋ ಹಾಗಿಲ್ಲ. ಚೆಕ್‌ಪೋಸ್ಟಲ್ಲಿ ಬ್ಯಾಗ್ ಬಿಚ್ಚಿಸಿದಾಗ ಇದು ಸರ್ವೈವಲ್ ಟೂಲ್ ಸಾರ್ ಅಂದ್ರೆ ನಮ್ಮ ಗಾರ್ಡ್ ನಗ್ತಾನೆ, ಆಮೇಲೆ ನಗಲ್ಲ. ಕ್ಯಾಂಪ್‌ಫೈರ್ ಮಾತಂತೂ ಎತ್ಲೇಬೇಡ, ಜನವರಿ ಆಚೆ ಅಲ್ಲಿ ಹುಲ್ಲು ಹೇಗೆ ಒಣಗಿರುತ್ತೆ ಗೊತ್ತಾ, ಒಂದು ಬೀಡಿ ಕಿಡಿಗೆ ಗುಡ್ಡಕ್ಕೆ ಗುಡ್ಡವೇ ಹೋಗುತ್ತೆ. ಬೆಂಕಿ ಆರಿಸೋಕೆ ಹಸೀ ಸೊಪ್ಪಿನ ಕಂತೆ ಹಿಡ್ಕೊಂಡು ಓಡೋರು ನಾವು, ನೀವಲ್ಲ. ಅನುಮತಿ ಮಾಡಿಸ್ಕೊ, ಬೆಳಗ್ಗೆ ಹೋಗು, ಸಂಜೆ ಇಳಿ, ಉಂಬಳಕ್ಕೆ (ಜಿಗಣೆಗೆ) ಸುಣ್ಣ ಇಟ್ಕೋ. ಅದೇ ನಮ್ಮ ಕಡೆ ಸರ್ವೈವಲ್ಲು.

ಚಿಕ್ಮಗ್ಳೂರ್_ಚಿಟ್ಟೆ

ಸಾರಿ ಸಾರ್, ಗೊತ್ತಿರ್ಲಿಲ್ಲ. ಕ್ಯಾಂಪ್‌ಫೈರ್ ಕ್ಯಾನ್ಸಲ್.

ಮಿನ್ನಿ_ಮಂಜ

ಅಪ್ಡೇಟ್. ಪಕ್ಕದ ಮನೆಯವ್ರ ಆಶ್ ಮರ ಹುಳ ಬಿದ್ದು ಸತ್ತಿತ್ತು (ಇಲ್ಲಿ ಊರು ತುಂಬಾ ಅದೇ ಕಥೆ, ಎಮರಾಲ್ಡ್ ಆಶ್ ಬೋರರ್ ಅಂತ ಹಸಿರು ಹೊಳೆಯೋ ಹುಳ), ಕಡಿಸಿ ಹಾಕಿದ್ರು, ಕೇಳಿ ಒಂದು ಕೊಂಬೆ ಎಳ್ಕೊಂಡು ಬಂದು ಶನಿವಾರ ಹಿತ್ತಲಲ್ಲಿ ಪಂದ್ಯ ಇಟ್ವಿ. ಒಣಗಿದ್ದು, 9 ಸೆಂಮೀ ದಪ್ಪ. ಫ್ರೆಂಡಿನ 2 ಕೆಜಿ ಕೊಡಲಿ: ಎರಡು ನಿಮಿಷ ಚಿಲ್ಲರೆ, ಆದ್ರೆ ಚಕ್ಕೆ ಬೇಲಿ ದಾಟಿ ಪಕ್ಕದ ಮನೆ ಟೊಮೆಟೊ ಗಿಡಕ್ಕೆ ಬಿತ್ತು. ಅಪ್ಪನ ಕತ್ತಿ: ಐದು ನಿಮಿಷಕ್ಕೆ ನಾನೇ ಕೈಬಿಟ್ಟೆ, ತಾತ ಹೇಳಿದ ಟಣ್ ಶಬ್ದ ಕೇಳಿಸ್ತು, ಪುಣ್ಯಕ್ಕೆ ಬಾಯಿ ಮುಕ್ಕಾಗ್ಲಿಲ್ಲ. 240 ಗರಗಸ: 50 ಸೆಕೆಂಡ್, ಅದೂ ಕೂತ್ಕೊಂಡು, ನನ್ನ ಹೆಂಡ್ತಿ, ಜೀವಮಾನದಲ್ಲಿ ಗರಗಸ ಮುಟ್ಟಿರ್ಲಿಲ್ಲ ಅವ್ಳು. ಮಾತಿಲ್ಲ.

ಥಂಡರ್‌ಬೇ_ತಾತ

ಆ ಆಶ್ ತುಂಡನ್ನ ಕಾರಲ್ಲಿ ಹಾಕ್ಕೊಂಡು ಕಾಡಿಗೆ ಮಾತ್ರ ಹೋಗ್ಬೇಡಿ, ಸೌದೆ ಜೊತೆಗೇ ಹುಳ ಪ್ರಯಾಣ ಮಾಡೋದು. ಹೆಂಡ್ತಿಗೆ ನನ್ನ ಶಹಭಾಸ್ ಹೇಳಿ.

ಮಿನ್ನಿ_ಮಂಜ

ವಾಪಸ್ ಬಂದ್ವಿ, ಎಲ್ರೂ ಹತ್ತು ಹತ್ತು ಬೆರಳು ಇಟ್ಕೊಂಡೇ ಬಂದಿದೀವಿ. ಕೊನೇಗೆ ತಗೊಂಡು ಹೋಗಿದ್ದು ಗೊಮ್‌ಬಾಯ್ ಒಂದು, ಮೋರಾ ಎರಡು, ಅಕ್ಕ ಹೇಳಿದ ಟೂರ್ನಿಕೆಟ್, ಗ್ಲೌಸ್. ಎಲ್ಲಾ ಸೇರಿ 800 ಗ್ರಾಂ ಒಳಗೆ.

ಮೊದಲ ಎರಡು ದಿನ ಬಿಸಿಲು, ಸೌದೆ ಕೈಯಲ್ಲೇ ಮುರೀತಿದ್ವಿ, ಗರಗಸ ಹೊರಗೆ ತೆಗೆದಿದ್ದೇ ಕಮ್ಮಿ, ನನಗೇ ಬೇಜಾರಾಗಿತ್ತು ದುಡ್ಡು ದಂಡ ಆಯ್ತಲ್ಲ ಅಂತ. ಮೂರನೇ ದಿನ ಮಧ್ಯಾಹ್ನ ಶುರುವಾಯ್ತು ಮಳೆ. ನಮ್ಮ ಮಳೆಗಾಲದ ಥರ ಧಾರಾಕಾರ ಅಲ್ಲ, ಸಣ್ಣಗೆ ಜಿನುಗೋ ಸೂಜಿ ಮಳೆ, ಜೊತೆಗೆ ಗಾಳಿ, ನಾಲ್ಕು ಡಿಗ್ರಿ. ನೈಫ್ ಲೇಕ್ ಮುಟ್ಟಿದ್ವಿ ಆದ್ರೆ ನೋಡೋ ಸ್ಥಿತೀಲಿ ಯಾರೂ ಇರ್ಲಿಲ್ಲ. (ಅಲ್ಲೊಂದು ದ್ವೀಪದಲ್ಲಿ ಡೊರೊಥಿ ಮೋಲ್ಟರ್ ಅನ್ನೋ ಹೆಂಗಸು 1986ರಲ್ಲಿ ಸಾಯೋ ತನಕ ಹತ್ತಾರು ವರ್ಷ ಒಬ್ರೇ ಇದ್ರಂತೆ, ಚಳಿಗಾಲದಲ್ಲಿ ಕೆರೆ ಮೇಲಿನ ಮಂಜುಗಡ್ಡೆ ಕುಯ್ದು ಇಟ್ಕೊಂಡು ಬೇಸಿಗೇಲಿ ದೋಣಿಯವ್ರಿಗೆ ತಣ್ಣಗಿನ ರೂಟ್ ಬಿಯರ್ (ಹೆಂಡ ಅಲ್ಲ, ಸಿಹಿ ಪಾನೀಯ) ಕೊಡ್ತಿದ್ರಂತೆ. ನಡುಗ್ತಾ ಅದನ್ನ ನೆನೆಸ್ಕೊಂಡ್ರೆ ಇನ್ನೂ ಚಳಿ.)

ಕೊಡಲಿ ಫ್ರೆಂಡು ಸೈಟಲ್ಲಿ ಇಳಿಯೋವಾಗ ಬಂಡೆ ಮೇಲೆ ಜಾರಿ ಸೊಂಟದ ತನಕ ನೀರಿಗೆ ಬಿದ್ದ. ಹಲ್ಲು ಕಟಕಟ ಅಂತಿತ್ತು. ಅವ್ನಿಗೆ ಒಣ ಬಟ್ಟೆ ಹಾಕ್ಸಿ ಸ್ಲೀಪಿಂಗ್ ಬ್ಯಾಗಲ್ಲಿ ತುರುಕಿ ಇಬ್ರು ಟಾರ್ಪಾಲ್ ಕಟ್ಟೋಕೆ ನಿಂತ್ರು, ನಾನು ಸೌದೆಗೆ ಹೋದೆ. ಕಾಲು ಗಂಟೆ ಸುತ್ತಿದ ಮೇಲೆ ಬಂಡೆಗೆ ಅಡ್ಡ ಬಿದ್ದಿದ್ದ ಸೀಡರ್ ಸಿಕ್ತು, ಕೆಳಗೆ ಮೊಳ ಜಾಗ ಖಾಲಿ, ತೊಗಟೆ ಮುಟ್ಟಿದ್ರೆ ನೀರು ಸುರೀತಿತ್ತು. ಕುಯ್ಯೋಕೆ ಶುರು ಮಾಡ್ದೆ. ಮೊದಲು ಬಂದ ಪುಡಿ ಕಪ್ಪಗೆ ಒದ್ದೆ, ಬೆರಳಿಗೆ ಮೆತ್ಕೊಳ್ತಿತ್ತು. ಒಂದು ಇಂಚು ಒಳಗೆ ಹೋದ ಮೇಲೆ ಬಣ್ಣ ತಿರುಗ್ತು, ತಿಳಿ ಕೆಂಪು ಪುಡಿ, ಗಾಳಿಗೆ ಹಾರೋವಷ್ಟು ಒಣಗಿದ್ದು, ಪೆಟ್ಟಿಗೇಲಿಟ್ಟ ಹಳೇ ಪೆನ್ಸಿಲ್ ವಾಸನೆ. ಅಲ್ಲೇ ಒಂದ್ಸಲ ಜೋರಾಗಿ ನಕ್ಕೆ, ಒಬ್ನೇ. ಮೋರಾ ಇಟ್ಟು ಎರಡು ಏಟು ಹಾಕಿದ್ರೆ ನೀಟಾಗಿ ಬಿರಿತು, ತಾತ ಹೇಳಿದ ಹಂಗೇ ನೂಲು ಬಿಡಿಸಿದ ಹಾಗೆ. ಬರ್ಚ್ ತೊಗಟೆ ಮೇಲೆ ಚಕ್ಕೆ ಜೋಡಿಸಿ ಲೈಟರ್ ಹಚ್ಚಿದ್ರೆ ಎರಡನೇ ಪ್ರಯತ್ನಕ್ಕೇ ಹತ್ಕೊಂತು. ಅರ್ಧ ಗಂಟೇಲಿ ಅವ್ನು ಮ್ಯಾಗಿ ಎಲ್ಲಿ ಅಂತ ಕೇಳೋ ಹಂತಕ್ಕೆ ಬಂದ.

ತಪ್ಪೂ ಆಯ್ತು. ನಾಲ್ಕನೇ ದಿನ ಅವ್ನೇ ಉತ್ಸಾಹದಲ್ಲಿ ಗರಗಸ ಇಸ್ಕೊಂಡು ಊರ ಅಭ್ಯಾಸದಲ್ಲಿ ತಳ್ಳಿ ತಳ್ಳಿ ಕುಯ್ದ, ಬ್ಲೇಡ್ ಮೂತಿ ಹತ್ರ ಬಗ್ಗೋಯ್ತು. ಕೈಯಲ್ಲಿ ನೆಟ್ಟಗೆ ಮಾಡಿದೀವಿ, ಕುಯ್ಯುತ್ತೆ, ಆದ್ರೆ ಮಡಚೋವಾಗ ಹಿಡಿಗೆ ಉಜ್ಜುತ್ತೆ. ಬ್ಲೇಡ್ ಮಾತ್ರ ಬೇರೆ ತರಿಸ್ತಿದೀನಿ, ದುಡ್ಡು ಅವನದ್ದು.

ಡುಲೂತ್_ಅಕ್ಕ

ಟೂರ್ನಿಕೆಟ್ ಬಳಸ್ದೇ ವಾಪಸ್ ಬಂತು ಅಂತ ಬರೆದ್ರೆ ಸಾಕಿತ್ತು ನಂಗೆ. ಒದ್ದೆ ಬಟ್ಟೆ ಮೊದಲು ಬಿಚ್ಚಿಸಿದ್ದು ಒಳ್ಳೇ ಕೆಲಸ, ತುಂಬಾ ಜನ ಬೆಂಕಿ ಹಿಂದೆ ಓಡ್ತಾರೆ.

ಸಿರ್ಸಿ_ಕಾಡುಮಾಣಿ

ಎಲ್ಲಾ ಸರಿ. ಸೋತೆ ಅಂತ ಒಪ್ಕೋತೀನಿ, ಒಂದು ಕವಳ ಹಾಕ್ಕೊಂಡು ಒಪ್ಕೋತೀನಿ. ಆದ್ರೆ ಅಪ್ಪ ಕೊಟ್ಟ ಕತ್ತಿ ಏನಾಯ್ತು? ಗ್ಯಾರೇಜಲ್ಲಿ ತುಕ್ಕು ಹಿಡೀತಿದ್ರೆ ಇಲ್ಲಿಗೆ ಕಳ್ಸು, ನಾನಾದ್ರೂ ಎಣ್ಣೆ ಹಚ್ತೀನಿ.

ಮಿನ್ನಿ_ಮಂಜ

ತುಕ್ಕು ಏನೂ ಇಲ್ಲ ಮಾಣಿ, ಈಗ ಅದಕ್ಕೆ ಬಿಡುವೇ ಇಲ್ಲ. ನಮ್ಮ ಹಿತ್ತಲ ಬೇಲಿ ಉದ್ದಕ್ಕೂ ಬಕ್‌ಥಾರ್ನ್ ಅನ್ನೋ ಪೊದೆ ಹಬ್ಬಿದೆ, ಯೂರೋಪಿಂದ ಬಂದು ಇಲ್ಲಿನ ಕಾಡೆಲ್ಲಾ ತಿಂತಿರೋದು, ಮುಳ್ಳು, ಹೆಬ್ಬೆರಳು ದಪ್ಪದ ಹಸೀ ಕೊಂಬೆ, ಬೇರೆ ಮರ ಎಲೆ ಉದುರ್ಸಿದ್ರೂ ಇದು ಮಾತ್ರ ಹಸಿರಾಗಿ ನಿಂತಿರುತ್ತೆ. ಭಾನುವಾರ ಕತ್ತಿ ಮೂಗಲ್ಲಿ ಎಳೆದು ಎಳೆದು ಒಂದೊಂದೇ ಏಟಿಗೆ ಉರುಳಿಸ್ತಾ ಇದ್ದೆ, ಪಕ್ಕದ ಮನೆ ಮುದುಕ ತನ್ನ ಬ್ಯಾಟರಿ ಗರಗಸ ಆಫ್ ಮಾಡಿ ಬೇಲಿ ಮೇಲಿಂದ ಬಗ್ಗಿ ಇದೆಲ್ಲಿ ಸಿಗುತ್ತೆ ಅಂತ ಕೇಳ್ದ. ಅಪ್ಪಂಗೆ ಫೋನ್ ಮಾಡಿ ಹೇಳ್ದೆ. ಆಚಾರಿಗೆ ಇನ್ನೊಂದಕ್ಕೆ ಅಡ್ವಾನ್ಸ್ ಕೊಟ್ಟು ಬಂದಿದಾರಂತೆ.

ಪುತ್ತೂರು_ಪುಂಡಿ

ಬುಡಕ್ಕೆ ಏನಾದ್ರೂ ಮದ್ದು ಹಚ್ಚು ಮಾರಾಯ, ಅಂಥಾ ಜಾತಿ ಗಿಡ ಕಡಿದಷ್ಟೂ ಚಿಗುರ್ತದೆ. ಮತ್ತೆ ಆ ಮುದುಕನಿಗೆ ಸೊಂಟದ ಕೊಕ್ಕೆ ಕೂಡ ತರ್ಸಿ ಕೊಡು, ಕತ್ತಿ ಮಾತ್ರ ಕೊಟ್ರೆ ಸಿಕ್ಕಿಸ್ಲಿಕ್ಕೆ ಎಲ್ಲಿ ಹೋಗ್ತಾನೆ?